ಗಾಳಿ ಏಳುವ ಮುನ್ನ, ತೆಪ್ಪ ಹತ್ತುವ ಮುನ್ನ

ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದಲ್ಲಾಗಲಿ, ಕಾಗಿಣಾ ನದಿ ಹೋಗಿ ಭೀಮೆಯನ್ನು ಕೂಡುವ ಜಾಗದಲ್ಲಾಗಲಿ, ತೆಪ್ಪ-ಪುಟ್ಟಿಗಳಲ್ಲಿ ನೀರು ದಾಟುವವರು ಜೀವ ಉಳಿಸಿಕೊಳ್ಳುವ ಕೆಲಸದ ಮುಕ್ಕಾಲು ಪಾಲು ದಡದಲ್ಲೇ ಮುಗಿಸಿರಬೇಕು. ನಡುನೀರಿನಲ್ಲಿ ಗಾಳಿ ಎದ್ದ ಮೇಲೆ ಎಂಥ ಅಂಬಿಗನಿಗೂ ಮಾಡಲು ಉಳಿಯುವುದು ಸ್ವಲ್ಪವೇ. ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಂದು ಬಿರುಗಾಳಿಯ ಮಾತೇ ಇರಲಿಲ್ಲ. ಮಿತಿ ಮೀರಿ ಜನರನ್ನು ಹತ್ತಿಸಿದ್ದರು, ಬಹಳಷ್ಟು ಮಕ್ಕಳ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಸಮೀಪದ ರಾಯಚೂರು ಜಿಲ್ಲೆಯಲ್ಲಿ 2020ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಹರಿಯುವಾಗ ನಡುಗಡ್ಡೆಯವರ ಪುಟ್ಟಿ ಮಗುಚಿ ನಾಲ್ವರು ನೀರುಪಾಲಾದರು. ಎರಡೂ ಕಡೆ ತಪ್ಪಿಸಬಹುದಾಗಿದ್ದ ಘಳಿಗೆ ಬಂದು ಹೋದದ್ದು ಹೊರಡುವ ಮೊದಲೇ.

ಆದ್ದರಿಂದ ಮೊದಲು ಆಕಾಶ ನೋಡಿ, ಆಮೇಲೆ ನೀರು. ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದಲ್ಲಿ ಬಿಸಿಲು ಏರಿದಂತೆ ಮೋಡ ಕಟ್ಟಿ ಇಳಿಹೊತ್ತಿಗೆ ಗುಡುಗು-ಸಿಡಿಲಿನ ಮಳೆ ಸುರಿಯುವುದು ಸಾಮಾನ್ಯ. ಮಳೆ ಹನಿಯುವುದಕ್ಕೂ ಮೊದಲೇ ತಂಪು ಗಾಳಿ ರಪ್ಪನೆ ಹೊಡೆಯುತ್ತದೆ. ದಾಟುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸುವುದು ಲೇಸು. ನೀರು ನೋಡುವಾಗ ಕಣ್ಣಿಗೆ ಮೋಸವಾಗುವ ಒಂದು ಸಂಗತಿಯಿದೆ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಕಾಲ ಬಳಿಯ ನೀರು ಶಾಂತವಾಗಿಯೇ ಇರುತ್ತದೆ. ತೆರೆದ ನೀರಿನ ಮೇಲೆ ಗಾಳಿ ಎಷ್ಟು ದೂರ ಓಡುತ್ತದೋ ಅಲೆ ಅಷ್ಟು ಬೆಳೆಯುವುದರಿಂದ, ಅದರ ನಿಜವಾದ ಎತ್ತರ ಆಚೆ ದಡದ ಸಮೀಪವೇ ಗೊತ್ತಾಗುವುದು. ದೂರದಲ್ಲಿ ಅಲೆಯ ತುದಿಗೆ ಬಿಳಿ ನೊರೆ ಕಂಡರೆ ಹೊರಡಬೇಡಿ. ಗುಡುಗು ಕೇಳಿಸಿದರೂ ಹೊರಡಬೇಡಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ತೆಪ್ಪದಲ್ಲಿ ಕುಳಿತವರ ತಲೆಯೇ. ಮೊಬೈಲ್‌ನಲ್ಲಿ 'ದಾಮಿನಿ' ಆ್ಯಪ್ ಇದ್ದರೆ ಸಿಡಿಲಿನ ಮುನ್ಸೂಚನೆ ಸಿಗುತ್ತದೆ. ಹೊಳೆಯ ಲೆಕ್ಕ ಮಾತ್ರ ಬೇರೆ. ಕಾಗಿಣಾ ತೆಲಂಗಾಣದ ವಿಕಾರಾಬಾದ್, ತಾಂಡೂರು ಕಡೆಯಿಂದ ಬರುತ್ತದೆ. ಅಲ್ಲಿ ಮಳೆ ಸುರಿದರೆ ಸೇಡಂನಲ್ಲಿ ಬಿಸಿಲಿದ್ದರೂ ಮಳಖೇಡದಲ್ಲಿ ನೀರು ಏರುತ್ತದೆ. ನೀರಿನ ಬಣ್ಣ ಕೆಂಪಗಾಗಿ ಕಸಕಡ್ಡಿ ತೇಲಿಬರುತ್ತಿದ್ದರೆ ಪುಟ್ಟಿಯನ್ನು ದಡದ ಮೇಲೆಳೆದು ಕಟ್ಟಿಬಿಡಿ.

ಇನ್ನು ಭಾರ. ಎಲ್ಲರೂ ಕುಳಿತ ಮೇಲೆ ನೀರಿನ ಮಟ್ಟದಿಂದ ಅಂಚಿಗೆ ಗೇಣಿಗಿಂತ ಹೆಚ್ಚು ಅಂತರ ಉಳಿಯದಿದ್ದರೆ ಒಬ್ಬಿಬ್ಬರು ಇಳಿಯಲೇಬೇಕು, ಇಲ್ಲವೇ ಬೈಕು, ಗೊಬ್ಬರದ ಚೀಲ ಇಳಿಯಬೇಕು. ಒಳಗೆ ನುಗ್ಗಿದ ನೀರು ಸುಮ್ಮನೆ ಭಾರವಾಗಿ ಬಿದ್ದಿರುವುದಿಲ್ಲ. ತೆಪ್ಪ ಯಾವ ಕಡೆ ವಾಲಿತೋ ಆ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ನೀರು ಎತ್ತಿಹಾಕಲು ಒಂದು ಡಬ್ಬಿ, ಉದ್ದನೆಯ ಹಗ್ಗ, ಹೆಚ್ಚಿನದೊಂದು ಹುಟ್ಟು ಜೊತೆಗಿರಲಿ. ಲೈಫ್ ಜಾಕೆಟ್‌ಗೆ ದುಡ್ಡೆಲ್ಲಿಂದ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯವೂ ಇದೆ. ನೀರಿನಲ್ಲಿ ದೊಡ್ಡವರೊಬ್ಬರ ತಲೆ ಮೇಲಿರಲು ಬೇಕಾದ ಹೆಚ್ಚುವರಿ ಆಸರೆ ಸುಮಾರು ಐದು ಕಿಲೋ ಮಾತ್ರ. ಮುಚ್ಚಳ ಬಿಗಿಯಾದ ಐದು ಲೀಟರಿನ ಖಾಲಿ ಕ್ಯಾನು ಹೆಚ್ಚುಕಡಿಮೆ ಅಷ್ಟು ಕೊಡುತ್ತದೆ, ಹತ್ತು ಲೀಟರಿನದಾದರೆ ಧಾರಾಳ. ಆದರೆ ಪ್ರಜ್ಞೆ ತಪ್ಪಿದವರ ಮುಖವನ್ನು ಕ್ಯಾನು ಮೇಲಕ್ಕೆ ತಿರುಗಿಸದು, ಒಳ್ಳೆಯ ಜಾಕೆಟ್ ತಿರುಗಿಸುತ್ತದೆ. ಹಾಗಾಗಿ ಮಕ್ಕಳಿಗಂತೂ ಜಾಕೆಟ್ಟೇ ಆಗಬೇಕು, ಅದೂ ಸೀಟಿನ ಕೆಳಗಲ್ಲ, ಮೈಮೇಲೆ.

ತಲೆಮಾರುಗಳಿಂದ ದಾಟಿಸುತ್ತ ಬಂದವರಿಗೆ ಇದೆಲ್ಲ ಯಾಕೆ ಎಂಬುದು ದೊಡ್ಡ ಆಕ್ಷೇಪ. ಅಂಬಿಗರ ಚೌಡಯ್ಯನನ್ನು ತಮ್ಮವನೆಂದು ಪೂಜಿಸುವ ಈ ಸೀಮೆಯ ಜನಕ್ಕೆ ನೀರಿನ ವಿದ್ಯೆ ಹೇಳಿಕೊಡುವುದು ಅಧಿಕಪ್ರಸಂಗವೇ ಸರಿ. ಅವರ ಅನುಭವ ನಿಜ. ಆದರೆ ಸುಳಿ ಎಲ್ಲಿ, ಬಂಡೆ ಎಲ್ಲಿ ಎಂದು ಹೇಳುವ ಆ ಅನುಭವಕ್ಕೆ ಮೇಲಿನ ಜಲಾಶಯದಿಂದ ಯಾವಾಗ ನೀರು ಬಿಟ್ಟಾರು ಎಂಬುದು ಗೊತ್ತಾಗುವ ದಾರಿಯಿಲ್ಲ. ಅಂಬಿಗನಿಗೆ ಈಜು ಬಂದರೆ ಹತ್ತಿದವರಿಗೆಲ್ಲ ಬಂದಂತೆಯೂ ಆಗುವುದಿಲ್ಲ. ತುರ್ತಿನ ಮಾತು ಇನ್ನೂ ಕಷ್ಟದ್ದು. ಕಾಗಿಣಾ ಉಕ್ಕಿ ಮಳಖೇಡದ ಸೇತುವೆಯೋ ಚಿತ್ತಾಪುರ ತಾಲ್ಲೂಕಿನ ದಂಡೋತಿ ಸೇತುವೆಯೋ ಮುಳುಗಿದಾಗ ಬಾಣಂತಿ, ರೋಗಿ ಇರುವ ಮನೆಯವರು ಪುಟ್ಟಿಯನ್ನು ನೆನೆಯುವುದು ಸಹಜ. ಆದರೆ ಸೇತುವೆಯನ್ನೇ ಮುಳುಗಿಸಿದ ಸೆಳವಿನಲ್ಲಿ ಪುಟ್ಟಿ ದಾಟಿಸುವ ಸಾಧನವಾಗಿ ಉಳಿಯುವುದಿಲ್ಲ. ಸುತ್ತುದಾರಿ ಹಿಡಿಯಿರಿ, ಇಲ್ಲವೇ 112ಕ್ಕೋ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೋ ಕರೆ ಮಾಡಿ.

ಇಷ್ಟಾದರೂ ನಡುವೆ ಗಾಳಿ ಸಿಕ್ಕಿತೆನ್ನಿ. ಯಾರೂ ಏಳಬಾರದು, ಎಲ್ಲರೂ ತಳದಲ್ಲೇ ಕುಳಿತುಕೊಳ್ಳಬೇಕು. ಉದ್ದನೆಯ ದೋಣಿಯಾದರೆ ಮೂತಿಯನ್ನು ಅಲೆಗೆ ತುಸು ಓರೆಯಾಗಿಡಿ. ಪಕ್ಕೆಗೆ ಅಲೆ ಬಡಿದರೆ ಮಗುಚುತ್ತದೆ. ಪುಟ್ಟಿಗೆ ಮುಂದು-ಹಿಂದು ಎಂಬುದೇ ಇಲ್ಲ, ಗಾಳಿಗೆ ಎದುರಾಗಿ ಹುಟ್ಟು ಹಾಕಿದರೆ ಅದು ಗಿರಗಿರನೆ ತಿರುಗಿ ಕೈ ಸೋಲುತ್ತದೆ. ಹೋಗಬೇಕಾದ ಊರನ್ನು ಮರೆತು, ಗಾಳಿ ತಳ್ಳುವ ಕಡೆ ಓರೆಯಾಗಿ ಸಿಗುವ ಹತ್ತಿರದ ದಡ ಸೇರಿ. ಮಗುಚಿದರೆ ತೇಲುವ ಪುಟ್ಟಿಯನ್ನೋ ಕ್ಯಾನನ್ನೋ ಹಿಡಿದುಕೊಳ್ಳಿ. ದಡ ಕಾಣುತ್ತಿದೆ ಎಂದು ಬಿಟ್ಟು ಈಜಲು ಹೊರಟವರು ಅರ್ಧದಲ್ಲೇ ದಣಿಯುತ್ತಾರೆ.

ದಡದಲ್ಲಿರುವವರು ನೀರಿಗೆ ಹಾರಬೇಡಿ. ಹಗ್ಗ, ಕೋಲು, ಕ್ಯಾನು, ಸೀರೆ ಎಸೆಯಿರಿ. ಶಹಾಬಾದ್, ವಾಡಿ ಸುತ್ತಲಿನ ನೀರು ತುಂಬಿದ ಹಳೆಯ ಫರ್ಸಿ ಖಣಿಗಳಲ್ಲಿ ಈ ಮಾತು ಇನ್ನೂ ಗಟ್ಟಿ: ಅಲ್ಲಿ ಗೋಡೆ ನೆಟ್ಟಗೆ ಕೆಳಗಿಳಿದಿರುವುದರಿಂದ ಕಾಲೂರಲು ದಡವೇ ಸಿಗದು, ತೆಪ್ಪದ ಆಟಕ್ಕೆ ಅದು ಜಾಗವೂ ಅಲ್ಲ. ಇನ್ನು ಪಂಚಾಯಿತಿಯವರು ಈ ಬೇಸಿಗೆಯಲ್ಲೇ ಮಾಡಬಹುದಾದದ್ದು ಒಂದಿದೆ. ತಮ್ಮ ವ್ಯಾಪ್ತಿಯ ಪ್ರತಿ ದೋಣಿ, ಪುಟ್ಟಿಗೆ ಭಾರದ ಮಿತಿ ತೋರಿಸುವ ಕೆಂಪು ಪಟ್ಟಿ ಬಳಿಸಿ, ಎಷ್ಟು ಜನ ಹತ್ತಬಹುದೆಂದು ದೊಡ್ಡ ಅಂಕಿಯಲ್ಲಿ ಬರೆಸಲಿ. ಪಟ್ಟಿ ನೀರಿಗಿಳಿದರೆ ಒಬ್ಬರು ಕೆಳಗಿಳಿಯಬೇಕೆಂಬುದು ಅಕ್ಷರ ಬಾರದವರಿಗೂ ತಿಳಿಯುತ್ತದೆ.