ಪಂಪಿಗೆ ಕೈ ಹಾಕುವ ಮೊದಲು

ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ, ಕೌಲ್ ಬಜಾರಿನ ಜೀನ್ಸ್ ಬಂಡಲ್ ಹೊತ್ತು ಓಡಾಡುವ ಹಳೆ ಪಿಕಪ್ ದಾರಿಯಲ್ಲಿ ನಿಂತರೆ ಸಾಕು, 'ಡೀಸೆಲ್ ಪಂಪ್ ಹೋಯ್ತು' ಅಂತ ಎಲ್ಲರೂ ಶುರು. ಬಹಳ ಸಲ ಅದು ಹೋಗಿರುವುದಿಲ್ಲ. ಟ್ಯಾಂಕಿನ ಕಡೆಯಿಂದ ನೋಡುತ್ತ ಬನ್ನಿ, ದುಡ್ಡಿನ ಕೆಲಸ ಕೊನೆಗೆ ಇರಲಿ. ಇದೆಲ್ಲ ಕಾಮನ್ ರೈಲ್ ಬರುವ ಮೊದಲಿನ ಡೀಸೆಲ್ ಗಾಡಿಗಳಿಗೆ ಹೇಳಿದ್ದು.

• ಮೊದಲು ಡೀಸೆಲ್ ಇದೆಯೇ ನೋಡಿ. ನಗಬೇಡಿ. ಹಳೆ ಮೀಟರಿನ ಮುಳ್ಳು ಅರ್ಧದಲ್ಲೇ ಸಿಕ್ಕಿಕೊಂಡಿರುತ್ತದೆ. ಟ್ಯಾಂಕ್ ತಟ್ಟಿದರೆ ಸದ್ದೇ ಹೇಳುತ್ತದೆ.

• ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಸುಸ್ತಾಗುತ್ತಿದ್ದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಂಯ್' ಎಂದು ಗಾಳಿ ಒಳಗೆಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ನಮ್ಮ ಬಳ್ಳಾರಿಯ ಅದಿರಿನ ಧೂಳು ನುಗ್ಗದ ಜಾಗವಿಲ್ಲ. ತೊಳೆದು ಒಣಗಿಸಿ ಹಾಕಿ. ಮುಚ್ಚಳ ಕಳೆದುಕೊಂಡು ಚಿಂದಿ ಬಟ್ಟೆ ತುರುಕುವವರು ಹೊಸದು ಕೊಳ್ಳಿ, ಬಟ್ಟೆಯ ನೂಲು ಹೋಗಿ ಒಳಗಿನ ಜಾಲರಿಗೆ ಸುತ್ತಿಕೊಳ್ಳುತ್ತದೆ.

• ಖಾಲಿ ಇದ್ದಾಗ ಓಡಿ, ಲೋಡ್ ಹಾಕಿದರೆ ಎಳೆಯದಿದ್ದರೆ ಡೀಸೆಲ್ ಫಿಲ್ಟರ್ ಬದಲಿಸಿ. ಕಪ್ಪು ಹೊಗೆಯೂ ಬರುತ್ತಿದ್ದರೆ ಮಾತ್ರ ಮೊದಲು ಏರ್ ಫಿಲ್ಟರ್ ಬಿಚ್ಚಿ. ಅಲ್ಲಿ ಕೊರತೆ ಗಾಳಿಯದು, ಡೀಸೆಲಿನದಲ್ಲ.

• ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಇದನ್ನು ಮರೆಯಬೇಡಿ. ಆ ಲೋಟ ಮಾತ್ರ ಅಡುಗೆಮನೆಗೆ ವಾಪಸ್ ತರಬೇಡಿ.

• ಬೆಳಿಗ್ಗೆ ಸ್ಟಾರ್ಟ್ ಆಗಿ ತಕ್ಷಣ ಆಫ್ ಆದರೆ ಎಲ್ಲೋ ಏರ್ ಹಿಡಿದಿದೆ. 'ಡೀಸೆಲ್ ಸೋರುತ್ತಿಲ್ಲವಲ್ಲ, ಪೈಪ್ ಸರಿ ಇದೆ' ಅನ್ನಬೇಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇರುವುದು ಎಳೆತ, ಹಾಗಾಗಿ ಸೀಳಿನಲ್ಲಿ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಫೀಡ್ ಪಂಪಿಗೆ ಮೊದಲು ಒಂದು ಗೇಣು ಒಳಗೆ ಕಾಣುವಂಥ ಪೈಪ್ ಜೋಡಿಸಿ ನೋಡಿ, ಗುಳ್ಳೆ ಬಂದರೆ ಕಳ್ಳ ಸಿಕ್ಕ ಹಾಗೆಯೇ. ಬಳ್ಳಾರಿ ಬಿಸಿಲಿಗೆ ರಬ್ಬರ್ ಪೈಪ್ ಸೀಳುವುದು ಕ್ಲಿಪ್ಪಿನ ಬುಡದಲ್ಲಿ. ಬಗ್ಗಿಸಿದರೆ ಮಾತ್ರ ಕಾಣುತ್ತದೆ.

• ಏರ್ ತೆಗೆಯುವಾಗ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಿರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಬಿಚ್ಚಿದ ತಾಮ್ರದ ವಾಷರ್ ಮತ್ತೆ ಹಾಕಬೇಡಿ, ಚಿಲ್ಲರೆ ಕಾಸು ಉಳಿಸಲು ಹೋದರೆ ನಾಳೆ ಮತ್ತೆ ಇದೇ ಕೆಲಸ.

• ಸೆಲ್ಫ್ ಒಂದೇ ಸಮ ಹೊಡೆಯಬೇಡಿ. 10 ಸೆಕೆಂಡ್ ಹೊಡೆದು ಬಿಡಿ. ಡೀಸೆಲ್ ಬಾರದಿರುವ ಸಿಟ್ಟನ್ನು ಬ್ಯಾಟರಿ ಮೇಲೆ ತೀರಿಸಿಕೊಂಡರೆ ಖರ್ಚು ಎರಡಾಗುತ್ತದೆ.

• ನೋಜಲ್ ಪೈಪ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಆ ಗಳಿಗೆಯೇ ಆಸ್ಪತ್ರೆಗೆ ಓಡಿ. ರಟ್ಟಿನ ತುಂಡು ಹಿಡಿದು ನೋಡಿ, ಕೈ ಉಳಿಯುತ್ತದೆ. ಕಾಮನ್ ರೈಲ್ ಗಾಡಿಯ ಆ ಪೈಪಿಗೆ ಸ್ಪ್ಯಾನರ್ ಹಚ್ಚಲೇಬೇಡಿ.

• ಪಂಪಿನ ಮೇಲೆ ಕರೆಂಟಿನ ವೈರ್ ಬಂದಿದ್ದರೆ ಕೀ ಆನ್ ಮಾಡಿ ಕಿವಿಗೊಡಿ. 'ಟಕ್' ಅನ್ನಬೇಕು. ಅನ್ನದಿದ್ದರೆ ಫ್ಯೂಸ್, ವೈರ್ ನೋಡಿ. ಆ ವೈರಿನ ತುದಿಯ ಸೊಲೆನಾಯ್ಡ್ ಎಳೆದುಕೊಳ್ಳದಿದ್ದರೆ ಡೀಸೆಲ್ ಇದ್ದೂ ಇಲ್ಲದ ಹಾಗೆ.

• ಅಗ್ಗಕ್ಕೆ ಸಿಕ್ಕಿತೆಂದು ಸೀಮೆಎಣ್ಣೆ ಬೆರೆಸಬೇಡಿ. ಪಂಪಿನ ಒಳಭಾಗಕ್ಕೆ ಡೀಸೆಲಿನ ಜಿಡ್ಡೇ ಆಧಾರ.

• ಇಷ್ಟಾದರೂ ಸರಿಹೋಗದಿದ್ದರೆ ಆಗ ಪಂಪ್ ಇಳಿಸಿ. ಸೀಲ್ ನೀವೇ ಒಡೆಯಬೇಡಿ, ಟೆಸ್ಟ್ ಬೆಂಚ್ ಇರುವ ಕಡೆಗೇ ಕೊಡಿ. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಆಗಿದ್ದರೂ ಹಳೆ ಪಂಪಿನ ತಗಡಿನ ಮೇಲೆ ಮೈಕೋ ಅಂತಲೇ ಇರಬಹುದು. ಅದರ ಕೆಳಗಿನ ನಂಬರ್ ಬರೆದುಕೊಂಡು ಹೋಗಿ, ತಪ್ಪು ಸಾಮಾನು ತರುವ ಒಂದು ಓಡಾಟ ತಪ್ಪುತ್ತದೆ. ಬಿಚ್ಚಿಟ್ಟ ಪೈಪುಗಳ ಬಾಯಿಗೆ ಶುಭ್ರವಾದ ಪ್ಲಾಸ್ಟಿಕ್ ಕಟ್ಟಿಡಿ.