ಮುರಿದ ಬೋಲ್ಟ್ ಹೇಳುವ ಲೆಕ್ಕ

ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿ ತಯಾರಿಸಿದ 'ಎಕ್ಸ್-ಏರ್' ಪುಟ್ಟ ವಿಮಾನಗಳ ಬಿಡಿಭಾಗಗಳನ್ನು ಬ್ರಿಟನ್‌ನಲ್ಲಿ ಹಲವರು ತರಿಸಿಕೊಂಡು ತಾವೇ ಜೋಡಿಸಿ ಹಾರಿಸಿದ್ದಾರೆ. ಅದರ 'ಹನುಮಾನ್' ಮಾದರಿಗೆ ಆಸ್ಟ್ರೇಲಿಯಾದ ಜಬಿರು 2200 ಎಂಜಿನ್ ಇದೆ. ನಾಲ್ಕು ಸಿಲಿಂಡರ್, ಸುಮಾರು 85 ಅಶ್ವಶಕ್ತಿ.

ಈ ಎಂಜಿನ್ನಿನ ಹೊಟ್ಟೆಯ ಮೂಲಕ ಆಚೆಯಿಂದ ಈಚೆಗೆ ಉದ್ದನೆಯ 'ತ್ರೂ ಬೋಲ್ಟ್'ಗಳು ಹಾದುಹೋಗಿ ಎರಡೂ ಬದಿಯ ಸಿಲಿಂಡರ್‌ಗಳನ್ನು ಬಿಗಿದು ಹಿಡಿಯುತ್ತವೆ. ಜಬಿರು ಎಂಜಿನ್‌ಗಳಲ್ಲಿ ಇವು ಮುರಿದ ಪ್ರಕರಣಗಳು ಹೆಚ್ಚಿದವು. ಇಂಥ ವೈಫಲ್ಯಗಳಿಂದಾಗಿ ಡಿಸೆಂಬರ್ 2014ರಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಸುರಕ್ಷತಾ ಪ್ರಾಧಿಕಾರ ನಿರ್ಬಂಧ ಹೇರಿತು: ಹಗಲಲ್ಲೇ ಹಾರಬೇಕು, ಜನವಸತಿಯಿಂದ ದೂರವಿರಬೇಕು, ಅಪಾಯ ಗೊತ್ತಿದೆಯೆಂದು ಪ್ರಯಾಣಿಕರು ಸಹಿ ಹಾಕಬೇಕು.

ಗಟ್ಟಿ ಉಕ್ಕು ಏಕೆ ಮುರಿಯುತ್ತದೆ? ಸರಿಯಾಗಿ ಬಿಗಿದ ಬೋಲ್ಟ್ ಸ್ಪ್ರಿಂಗಿನಂತೆ ತುಸು ಎಳೆದುಕೊಂಡಿರುತ್ತದೆ. ಬಿಗಿ ಸಡಿಲಾದರೆ ಎಂಜಿನ್ನಿನ ಪ್ರತಿ ಹೊಡೆತವೂ ಅದನ್ನು ಜಗ್ಗುತ್ತದೆ. ಸಣ್ಣ ಬಿರುಕು ಹುಟ್ಟಿ ದಿನದಿನಕ್ಕೂ ಬೆಳೆಯುತ್ತದೆ. ಇದೇ ಲೋಹದ ದಣಿವು. ಮುರಿದ ಮುಖದಲ್ಲಿ ಚಿಪ್ಪಿನ ಮೇಲಿನಂಥ ಗೆರೆಗಳಿದ್ದರೆ ಅದು ದಣಿವಿನ ಗುರುತು.

ನಮ್ಮ ಚಾಚಾ ಗದಗಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ. ಒಳಗೆ ಮುರಿದು ಉಳಿದ ತುಂಡನ್ನು ತೆಗೆಯುವ ಕ್ರಮವನ್ನು ನಾನು ಅವರಿಂದ ಕೇಳಿ ಬರೆದುಕೊಂಡೆ:

1. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು.
2. ತುಂಡು ಹೊರಗೆ ಚಾಚಿದ್ದರೆ ಅದಕ್ಕೆ ನಟ್ ವೆಲ್ಡ್ ಮಾಡಿ ಪಾನಾದಿಂದ ತಿರುಗಿಸಬೇಕು.
3. ಒಳಗಿದ್ದರೆ ನಟ್ಟನಡುವೆ ಪಂಚ್ ಹೊಡೆದು, ಸಣ್ಣ ರಂಧ್ರ ಕೊರೆದು, ಎಡಸುತ್ತಿನ ಎಕ್ಸ್‌ಟ್ರಾಕ್ಟರ್ ಹಾಕಬೇಕು.
4. ಅವಸರ ಮಾಡಬಾರದು. ಡ್ರಿಲ್ ಪಕ್ಕಕ್ಕೆ ಸರಿದರೆ ಮೆತ್ತನೆಯ ಅಲ್ಯೂಮಿನಿಯಂ ಕವಚದ ಮರೆ ಕೆಡುತ್ತದೆ. ಆಗ ಬೋಲ್ಟಿನ ಖರ್ಚು ಎಂಜಿನ್ನಿನ ಖರ್ಚಾಗುತ್ತದೆ.

"ತುಂಡು ತೆಗೆದರೆ ಅರ್ಧ ಕೆಲಸ ಆಯ್ತು ಬೇಟಾ. ಯಾಕ ಮುರೀತು ಅಂತ ಗೊತ್ತಾದ ಮ್ಯಾಲೆ ಪೂರಾ" ಎಂದರು ಚಾಚಾ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಇದು ಕೂಡಲೇ ಅರ್ಥವಾಯಿತು. ತಾಳೆಪಟ್ಟಿ ಕೂಡದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಎರಡೂ ಬದಿ ಸಮವಾಗುತ್ತವೆ, ಆದರೆ ತಪ್ಪು ಒಳಗೇ ಇರುತ್ತದೆ. ಕಾರಣ ಹುಡುಕದೆ ಹೊಸ ಬೋಲ್ಟ್ ಹಾಕುವುದೂ ಹಾಗೆಯೇ. ಒಂದು ಮುರಿದಿದ್ದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಬಿದ್ದಿರುತ್ತದೆ. ಆದ್ದರಿಂದ ಅವನ್ನೂ ಪರೀಕ್ಷಿಸಿ, ತಯಾರಕರು ಹೇಳಿದಂತೆ ಬದಲಿಸಿ, ಟಾರ್ಕ್ ರೆಂಚ್‌ನಿಂದ ಹೇಳಿದಷ್ಟೇ ಬಿಗಿಯಬೇಕು.

ಟ್ರ್ಯಾಕ್ಟರ್ ನಿಂತರೆ ಹೊಲದಲ್ಲಿ ನಿಲ್ಲುತ್ತದೆ. ಒಂದೇ ಎಂಜಿನ್ನಿನ ವಿಮಾನಕ್ಕೆ ಆಕಾಶದಲ್ಲಿ ನಿಲ್ಲಲು ಜಾಗವಿಲ್ಲ. ಅದಕ್ಕೇ ವಿಮಾನದ ಈ ಕೆಲಸವನ್ನು ಪರವಾನಗಿ ಪಡೆದ ತಂತ್ರಜ್ಞರೇ ಮಾಡಬೇಕು.