ಹೊಸ ಮಂಚಕ್ಕೆ ಹಳೆ ವಾಡೆಯ ಕಳೆ

ಬಣ್ಣದ ಡಬ್ಬಿ ತೆರೆಯುವ ಮೊದಲು ಒಂದು ಹಳೆ ಬಾಗಿಲನ್ನು ಕಣ್ತುಂಬ ನೋಡಿ. ನಮ್ಮ ಮುದನಾಳದವರು ಅದಕ್ಕಾಗಿ ದೂರ ಹೋಗಬೇಕಿಲ್ಲ. ಓಣಿಯ ಹಳೆ ಮನೆಯಲ್ಲೋ ಸುರಪುರದ ವಾಡೆಗಳಲ್ಲೋ ಸಿಗುತ್ತದೆ. ಚಿಲಕದ ಸುತ್ತ, ಕೈಯಿಟ್ಟು ನೂಕುವ ಅಂಚಿನಲ್ಲಿ, ಕಾಲು ತಾಗುವ ಕೆಳಪಟ್ಟಿಯಲ್ಲಿ ಬಣ್ಣ ಸವೆದಿರುತ್ತದೆ, ಹಲಗೆಯ ನಡುಭಾಗ ಮಾತ್ರ ಹಾಗೇ ಉಳಿದಿರುತ್ತದೆ. ಹೊಸ ಮರದ ಸಾಮಾನಿಗೆ ಹಳೆಯ ಕಳೆ ಕೊಡುವ ಕೆಲಸದ ಗುಟ್ಟೆಲ್ಲ ಅಷ್ಟೇ: ಕೈಕಾಲು ತಾಗುವ ಕಡೆ ಸವೆಸಬೇಕು, ಉಳಿದದ್ದನ್ನು ಬಿಡಬೇಕು.

ಹಂತ 1: ಮೊದಲಿಗೆ ಮಂಚಕ್ಕೆ ಕೈ ಹಾಕದೆ ಚಿಕ್ಕ ಟೀಪಾಯಿ ಆರಿಸಿಕೊಳ್ಳಿ. ಬೇವು, ಜಾಲಿ, ಸಾಗವಾನಿ ಯಾವುದಾದರೂ ಸರಿ. ಸನ್‌ಮೈಕಾ ಅಂಟಿಸಿದ ಪ್ಲೈವುಡ್ ಬೇಡ, ಉಜ್ಜಿದರೆ ಒಳಗೆ ಮರ ಕಾಣುವುದಿಲ್ಲ. ಅಜ್ಜನ ಕಾಲದ ಕೆತ್ತನೆಯ ಮಂಚವಿದ್ದರೆ ದಯವಿಟ್ಟು ಬಣ್ಣ ಬಳಿಯಬೇಡಿ. ಅದರ ಹಳೆತನ ನಿಜವಾದದ್ದು. ಒರೆಸಿ ಮೇಣದ ಪಾಲಿಶ್ ಹಚ್ಚಿದರೆ ಸಾಕು.

ಹಂತ 2: ಮೇಲೆ ಹಳೆ ಎನಾಮೆಲ್ ಇದೆಯೇ ನೋಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಅದರ ಪುಡಿ ಮಕ್ಕಳಿಗೆ ವಿಷ. ಅಂಥದ್ದನ್ನು ಒಣಗಿದ್ದಾಗ ಉಜ್ಜಲೇಬೇಡಿ. ನೀರು ತಡೆಯುವ ಸ್ಯಾಂಡ್ ಪೇಪರ್ ತಂದು, ಮಾಸ್ಕ್ ಹಾಕಿಕೊಂಡು, ಒದ್ದೆ ಮಾಡುತ್ತಾ ಉಜ್ಜಿ. ಪುಡಿಯನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ತೆಗೆಯಿರಿ.

ಹಂತ 3: ಬರಿಯ ಮರವಾದರೆ 120 ನಂಬರಿನ ಕಾಗದದಿಂದ, ಆಮೇಲೆ 180ರಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿ ಒರೆಸಿ.

ಹಂತ 4: ಸಾಗವಾನಿಯ ಕಂದು ಕಲೆ ತಿಳಿಬಣ್ಣದ ಮೇಲೆ ಏಳುತ್ತದೆ, ಅದಕ್ಕೆ ಮೊದಲು ವುಡ್ ಪ್ರೈಮರ್ ಬೇಕು. ಆಮೇಲೆ ಗಾಢ ಕಂದು ಅಥವಾ ಗಾಢ ಹಸಿರು ಬಣ್ಣದ ಒಂದು ಕೈ. ಪೂರ್ತಿ ಒಣಗಲಿ.

ಹಂತ 5: ಬಾಗಿಲಲ್ಲಿ ಕಂಡದ್ದನ್ನು ನೆನೆದು, ಅಂಚು, ಮೂಲೆ, ಹಿಡಿಕೆಯ ಸುತ್ತ, ಮಂಚವಾದರೆ ತಲೆದಿಂಬಿನ ಕಡೆಯ ಮೇಲ್ಪಟ್ಟಿಗೆ ಮೇಣದಬತ್ತಿ ತಿಕ್ಕಿ. ಮೇಣ ಹತ್ತಿದ ಕಡೆ ಮೇಲಿನ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲ.

ಹಂತ 6: ಮೇಲಿನ ಬಣ್ಣ. ಬ್ರಿಟನ್ನಿನ ಆ್ಯನಿ ಸ್ಲೋನ್ 1990ರಲ್ಲಿ ಹೊರತಂದ ಚಾಕ್ ಪೇಂಟ್ ದುಬಾರಿ. ಅದರಂಥದ್ದನ್ನು ಮನೆಯಲ್ಲೇ ಕಲಸಬಹುದು. ಒಂದು ಕಪ್ ಚಾಕ್ ಪೌಡರನ್ನು ಗಂಟಿಲ್ಲದಂತೆ ಅರ್ಧ ಕಪ್ ನೀರಿನಲ್ಲಿ ಕಲಸಿ, ಹೊಳಪಿಲ್ಲದ ಎಮಲ್ಷನ್ ಮೂರು ಕಪ್ ಸೇರಿಸಿ, ಬಟ್ಟೆಯಲ್ಲಿ ಸೋಸಿ. ದಂತದ ಬಿಳಿ ಅಥವಾ ತಿಳಿನೀಲಿ ಚೆಂದ. ತೆಳುವಾಗಿ ಎರಡು ಕೈ ಹಚ್ಚಿ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುತ್ತದೆ, ಬ್ರಷ್ ಎಳೆಯುವಷ್ಟರಲ್ಲೇ ಬಣ್ಣ ಒಣಗಿ ಗೆರೆ ಉಳಿಯುತ್ತದೆ. ಬೆಳಗಿನ ತಂಪಿನಲ್ಲಿ, ಗಾಳಿ ದೂಳಿಲ್ಲದ ಪಡಸಾಲೆಯಲ್ಲಿ ಮಾಡಿ.

ಹಂತ 7: ಒಂದು ರಾತ್ರಿ ಬಿಟ್ಟು 220 ನಂಬರಿನ ಕಾಗದದಿಂದ ಮೇಣದ ಜಾಗಗಳನ್ನು ಹಗುರವಾಗಿ ಉಜ್ಜಿ. ಅಡಿಯ ಬಣ್ಣ ಇಣುಕುತ್ತದೆ, ಒಂದೆರಡು ಕಡೆ ಮರವೂ ಕಾಣಲಿ; ಅಡಿಯಲ್ಲಿ ಹಳೆ ಎನಾಮೆಲ್ ಉಳಿದಿದ್ದರೆ ಮಾತ್ರ ಅಷ್ಟು ಆಳಕ್ಕೆ ಉಜ್ಜಬೇಡಿ. ಎರಡೂ ಬದಿ ಒಂದೇ ಸಮ ಸವೆಸಬೇಡಿ; ಗೋಡೆಗೆ ತಾಗುವ ಬದಿಯನ್ನು ಯಾರೂ ಮುಟ್ಟಿರುವುದಿಲ್ಲ. ಆಗಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಇನ್ನೂ ಸ್ವಲ್ಪ ಬೇಕು ಅನ್ನಿಸಿದಾಗಲೇ ನಿಲ್ಲಿಸಿಬಿಡಿ, ಬೇಕಾದರೆ ನಾಳೆ ಉಜ್ಜಬಹುದು.

ಹಂತ 8: ಪುಡಿ ಒರೆಸಿ, ಮೆತ್ತನೆ ಬಟ್ಟೆಯಿಂದ ಬಣ್ಣವಿಲ್ಲದ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ ತಿಕ್ಕಿ. ನೀರಿನ ಲೋಟ ಇಡುವ ಟೀಪಾಯಿಗಾದರೆ ಮೇಣದ ಬದಲು ಹೊಳಪಿಲ್ಲದ, ನೀರಿನಲ್ಲಿ ಬೆರೆಯುವ ವಾರ್ನಿಷ್ ಒಳ್ಳೆಯದು. ಮೇಣ ಗಟ್ಟಿಯಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆ ತಾಗಿಸಬೇಡಿ.